ಕೈಗಾದ ಚಿಮಣಿ, ಕಾಳಿಯ ನೀರು: ವಿಕಿರಣಶೀಲ ವಿಸರ್ಜನೆಗೆ ಮಿತಿ ಹಾಕುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ಎಡದಂಡೆಯ ಮೇಲೆ, ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಮೊದಲೆರಡು ಘಟಕಗಳು 2000ನೇ ಇಸವಿಯಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳಿಗೆ ಕೇಂದ್ರ ಸಚಿವ ಸಂಪುಟವು 2017ರಲ್ಲಿ ಒಪ್ಪಿಗೆ ನೀಡಿದೆ. ಸ್ಥಾವರಕ್ಕೆ ಬೇಕಾದ ನೀರು ಕದ್ರಾ ಜಲಾಶಯದಿಂದ ಬರುತ್ತದೆ; ಬಳಸಿದ ನೀರು ಮರಳಿ ಅದೇ ಜಲಾಶಯವನ್ನು ಸೇರುತ್ತದೆ. ಕದ್ರಾ ಅಣೆಕಟ್ಟಿನ ಕೆಳಗೆ ಅದೇ ನೀರು ಕಾಳಿಯಾಗಿ ಹರಿದು ಕಾರವಾರದ ಬಳಿ ಸಮುದ್ರವನ್ನು ಸೇರುತ್ತದೆ. ಆದ್ದರಿಂದ ಈ ವಿಷಯವು ಸ್ಥಾವರದ ಬೇಲಿಗೆ ತಾಗಿದ ಊರುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಗ್ರಾಮಸಭೆಗಳಲ್ಲಿ ಈ ಕುರಿತು ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಸ್ಥಾವರದಿಂದ ಏನೂ ಹೊರಗೆ ಬರುವುದಿಲ್ಲ" ಎಂಬುದು. ಇನ್ನೊಂದು, "ನದಿಗೆ ವಿಷ ಬಿಡುತ್ತಾರೆ" ಎಂಬುದು. ಎರಡೂ ವಸ್ತುಸ್ಥಿತಿಗೆ ಹೊಂದುವುದಿಲ್ಲ. ಜಗತ್ತಿನ ಯಾವ ಅಣು ವಿದ್ಯುತ್ ಸ್ಥಾವರವೂ ಸೊನ್ನೆ ವಿಸರ್ಜನೆಯಲ್ಲಿ ನಡೆಯುವುದಿಲ್ಲ. ಸಹಜ ಕಾರ್ಯಾಚರಣೆಯ ದಿನಗಳಲ್ಲಿಯೂ ಚಿಮಣಿಯಿಂದ ಗಾಳಿಗೆ, ಕೊಳವೆಯಿಂದ ನೀರಿಗೆ ಸ್ವಲ್ಪ ಪ್ರಮಾಣದ ವಿಕಿರಣಶೀಲ ವಸ್ತುಗಳು ಅನುಮತಿಯೊಂದಿಗೆ ಹೊರಹೋಗುತ್ತವೆ. ಆ ಅನುಮತಿಯ ಪ್ರಮಾಣ ಎಷ್ಟು, ಅದನ್ನು ಯಾರು ಯಾವ ಲೆಕ್ಕದಿಂದ ನಿಗದಿಪಡಿಸುತ್ತಾರೆ, ಆ ಲೆಕ್ಕದೊಳಗೆ ನಮ್ಮ ಊರಿನ ಜನರು ಹೇಗೆ ಸೇರಿಕೊಂಡಿದ್ದಾರೆ ಎಂಬುದೇ ಈ ಪಾಠದ ವಿಷಯ. ಅಪಘಾತ, ತುರ್ತು ಸ್ಥಳಾಂತರ ಮುಂತಾದವು ಜಿಲ್ಲಾಧಿಕಾರಿಗಳ ನೇತೃತ್ವದ ತುರ್ತು ಯೋಜನೆಗೆ ಸೇರಿದ ಬೇರೆಯೇ ವಿಷಯವಾದ್ದರಿಂದ ಇಲ್ಲಿ ಅವುಗಳನ್ನು ವಿಸ್ತರಿಸಿಲ್ಲ.

ಹೊರಬರುವುದು ಏನು?

ಕೈಗಾದಂತಹ ಭಾರಜಲ ರಿಯಾಕ್ಟರುಗಳಲ್ಲಿ ಮೊದಲು ಗಮನಿಸಬೇಕಾದ ವಸ್ತು ಟ್ರಿಟಿಯಂ. ಇದು ಜಲಜನಕದ ವಿಕಿರಣಶೀಲ ರೂಪ. ರಿಯಾಕ್ಟರಿನೊಳಗಿನ ಭಾರಜಲಕ್ಕೆ ನ್ಯೂಟ್ರಾನುಗಳು ತಾಗಿದಾಗ ಇದು ಹುಟ್ಟುತ್ತದೆ. ಜಲಜನಕವೇ ಆದ್ದರಿಂದ ಇದು ನೀರಿನ ಅಣುವಿನ ಭಾಗವಾಗಿಬಿಡುತ್ತದೆ; ಸೋಸಿ ಬೇರ್ಪಡಿಸುವುದು ಕಷ್ಟ. ಕುದಿಸಿದರೂ, ಮನೆಯ ಫಿಲ್ಟರಿನಲ್ಲಿ ಹಾಯಿಸಿದರೂ ಹೋಗುವುದಿಲ್ಲ. ಭಾರಜಲವು ಬಹಳ ದುಬಾರಿಯಾದ್ದರಿಂದ ಸೋರಿದ ಆವಿಯನ್ನು ಹಿಡಿದು ಮರಳಿ ಪಡೆಯುವ ಯಂತ್ರಗಳನ್ನು ಸ್ಥಾವರದಲ್ಲಿಯೇ ಅಳವಡಿಸಿರುತ್ತಾರೆ. ಹಣದ ಲೆಕ್ಕವೂ ಪರಿಸರದ ಲೆಕ್ಕವೂ ಒಂದೇ ಕಡೆಗೆ ವಾಲುವ ಅಪರೂಪದ ಸಂದರ್ಭಗಳಲ್ಲಿ ಇದೊಂದು. ಆದರೂ ಸ್ವಲ್ಪ ಆವಿ ಚಿಮಣಿಯ ಮೂಲಕವೂ, ಸ್ವಲ್ಪ ದ್ರವರೂಪದಲ್ಲಿಯೂ ಹೊರಹೋಗುತ್ತದೆ.

ಗಾಳಿಯ ದಾರಿಯಲ್ಲಿ ಟ್ರಿಟಿಯಂ ಜೊತೆಗೆ ಕ್ಸೆನಾನ್, ಕ್ರಿಪ್ಟಾನ್‌ನಂತಹ ಜಡ ಅನಿಲಗಳು, ಆರ್ಗಾನ್-41, ಇಂಗಾಲ-14, ಅತ್ಯಲ್ಪ ಅಯೋಡಿನ್-131 ಮತ್ತು ಧೂಳಿನ ಕಣಗಳು ಇರಬಹುದು. ಕಣಗಳನ್ನು ಅತಿಸೂಕ್ಷ್ಮ ಫಿಲ್ಟರುಗಳೂ, ಅಯೋಡಿನ್ ಅನ್ನು ಇದ್ದಿಲಿನ ಫಿಲ್ಟರುಗಳೂ ತಡೆಹಿಡಿಯುತ್ತವೆ. ನೀರಿನ ದಾರಿಯಲ್ಲಿ ಟ್ರಿಟಿಯಂ ಜೊತೆಗೆ ಸೀಸಿಯಂ-137, ಕೋಬಾಲ್ಟ್-60, ಸ್ಟ್ರಾನ್ಷಿಯಂ-90 ಮುಂತಾದವುಗಳ ಕುರುಹು ಇರಬಹುದು. ಇವುಗಳ ಆಯುಸ್ಸು ಒಂದೇ ಬಗೆಯದಲ್ಲ. ಆರ್ಗಾನ್-41 ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಅಯೋಡಿನ್-131 ಅರ್ಧವಾಗಲು 8 ದಿನ, ಟ್ರಿಟಿಯಂಗೆ 12 ವರ್ಷಕ್ಕೂ ತುಸು ಹೆಚ್ಚು, ಸೀಸಿಯಂ-137ಕ್ಕೆ ಸುಮಾರು 30 ವರ್ಷ ಬೇಕು.

ದ್ರವ ತ್ಯಾಜ್ಯವು ಸದಾ ಹರಿಯುತ್ತಿರುವ ಚರಂಡಿಯಂತೆ ಹೊರಹೋಗುವುದಿಲ್ಲ. ಅದನ್ನು ತೊಟ್ಟಿಗಳಲ್ಲಿ ಸಂಗ್ರಹಿಸಿ, ಸಂಸ್ಕರಿಸಿ, ಮಾದರಿ ತೆಗೆದು ಪರೀಕ್ಷಿಸಿ, ಮಿತಿಯೊಳಗಿದ್ದರೆ ಮಾತ್ರ ತಂಪುಗೊಳಿಸುವ ನೀರಿನ ದೊಡ್ಡ ಹರಿವಿನೊಂದಿಗೆ ಬೆರೆಸಿ ಬಿಡಲಾಗುತ್ತದೆ. ತಂಪುಗೊಳಿಸುವ ನೀರು ಬೆಚ್ಚಗಿರುತ್ತದೆ. ಹೊರಬಿಡುವ ಸ್ಥಳದಲ್ಲಿ ನೀರು ಬೆಚ್ಚಗಿರುವುದನ್ನು ಕಂಡು ವಿಕಿರಣವೆಂದು ಭಾವಿಸುವವರಿದ್ದಾರೆ. ಅದು ಕೇವಲ ಶಾಖ. ನೀರಿನ ಉಷ್ಣತೆ ಮತ್ತು ರಾಸಾಯನಿಕ ಗುಣಗಳ ಮೇಲ್ವಿಚಾರಣೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ವಿಕಿರಣಶೀಲತೆಯ ಮಿತಿಯನ್ನು ನಿಗದಿಪಡಿಸುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ದೂರನ್ನು ಯಾವ ಕಛೇರಿಗೆ ಬರೆಯಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ತಪ್ಪು ಕಛೇರಿಗೆ ಹೋದ ಪತ್ರ ತಿಂಗಳುಗಟ್ಟಲೆ ತಿರುಗುವುದನ್ನು ನಾವೆಲ್ಲರೂ ಬಲ್ಲೆವು.

ಬುಟ್ಟಿಯ ಮೆಣಸು, ನಾಲಿಗೆಯ ಖಾರ

ಮಿತಿಯನ್ನು ತಿಳಿಯುವ ಮೊದಲು ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಇವೆರಡು ಕಲಸಿಹೋಗಿರುತ್ತವೆ.

ಬೆಕೆರೆಲ್ ಎಂಬುದು ವಿಕಿರಣಶೀಲ ವಸ್ತುವಿನ ಎಣಿಕೆ: ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಸೀವರ್ಟ್ ಎಂಬುದು ಅದರಿಂದ ದೇಹಕ್ಕೆ ಆಗಬಹುದಾದ ಹಾನಿಯ ಅಳತೆ. ಸೀವರ್ಟ್ ಬಹಳ ದೊಡ್ಡದಾದ್ದರಿಂದ ಅದರ ಸಾವಿರದ ಒಂದು ಭಾಗವಾದ ಮಿಲಿಸೀವರ್ಟ್ ಬಳಕೆಯಲ್ಲಿದೆ. ಬುಟ್ಟಿಯಲ್ಲಿ ಎಷ್ಟು ಮೆಣಸಿನಕಾಯಿ ಇವೆ ಎಂಬುದು ಬೆಕೆರೆಲ್. ತಿಂದವನ ನಾಲಿಗೆ ಎಷ್ಟು ಉರಿಯಿತು ಎಂಬುದು ಸೀವರ್ಟ್. ಒಂದು ಬುಟ್ಟಿ ಬ್ಯಾಡಗಿ ಮೆಣಸು ಮಾಡದ ಉರಿಯನ್ನು ಒಂದು ಹಿಡಿ ಸೂಜಿಮೆಣಸು ಮಾಡಬಲ್ಲದು. ಆದ್ದರಿಂದ "ಇಷ್ಟು ಕೋಟಿ ಬೆಕೆರೆಲ್ ಬಿಟ್ಟರು" ಎಂಬ ಮಾತಿನಿಂದ, ಯಾವ ವಸ್ತು ಎಂದು ತಿಳಿಯದ ಹೊರತು, ಹೆದರಲೂ ಆಗದು, ಸಮಾಧಾನಪಡಲೂ ಆಗದು.

ವಯಸ್ಕರೊಬ್ಬರ ದೇಹಕ್ಕೆ 1 ಮಿಲಿಸೀವರ್ಟ್ ತಲುಪಬೇಕಾದರೆ ಟ್ರಿಟಿಯಂಯುಕ್ತ ನೀರಿನ ಮೂಲಕ ಸುಮಾರು 5.5 ಕೋಟಿ ಬೆಕೆರೆಲ್ ಒಳಹೋಗಬೇಕು. ಸೀಸಿಯಂ-137 ಆದರೆ ಸುಮಾರು 77 ಸಾವಿರ ಬೆಕೆರೆಲ್ ಸಾಕು. ಅಯೋಡಿನ್-131 ಆದರೆ ಸುಮಾರು 45 ಸಾವಿರ; ಎಳೆಯ ಕೂಸಿಗಾದರೆ ಕೇವಲ ಐದೂವರೆ ಸಾವಿರ. ಈ ಕೊನೆಯ ಅಂಕಿಯನ್ನು ಸದಸ್ಯರು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ದೊಡ್ಡವರ ಸುರಕ್ಷತೆಯ ಲೆಕ್ಕ ಮಗುವಿಗೆ ಸಾಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಂಕಿ ಬೇಕಿಲ್ಲ.

ಹೋಲಿಕೆಗಾಗಿ: ನೆಲ, ಗಾಳಿ, ಆಹಾರ, ಆಕಾಶ ಇವುಗಳಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣವು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಕೇರಳದ ಚವರ ಕರಾವಳಿಯ ಮೊನಜೈಟ್ ಮರಳಿನ ಮೇಲೆ ವಾಸಿಸುವವರಿಗೆ ಇದು ಇನ್ನೂ ಹಲವು ಪಟ್ಟು ಹೆಚ್ಚು. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್ ಹತ್ತು ಮಿಲಿಸೀವರ್ಟ್‌ನ ಆಸುಪಾಸಿನಲ್ಲಿರುತ್ತದೆ. ಈ ಹೋಲಿಕೆಗಳು ಅಳತೆಯ ಅಂದಾಜಿಗೆ ಮಾತ್ರ. ಸ್ಕ್ಯಾನ್ ಮಾಡಿಸಿಕೊಳ್ಳುವವನು ತನ್ನ ರೋಗಕ್ಕಾಗಿ ಒಪ್ಪಿ ಮಾಡಿಸಿಕೊಳ್ಳುತ್ತಾನೆ. ನದಿಯ ಕೆಳಗಿನ ಊರಿನವನನ್ನು ಯಾರೂ ಹಾಗೆ ಕೇಳಿರುವುದಿಲ್ಲ. ಆದ್ದರಿಂದಲೇ ಅವನ ಪರವಾಗಿ ಮಿತಿ ಹಾಕುವ ಕಾನೂನು ಬೇಕಾಯಿತು.

1 ಮಿಲಿಸೀವರ್ಟ್: ಒಂದು ಮನೆಯ ಖರ್ಚಿನ ಲೆಕ್ಕದಂತೆ

ಅಣುಶಕ್ತಿ ನಿಯಂತ್ರಣ ಮಂಡಳಿಯು 1983ರ ನವೆಂಬರ್ 15ರಂದು ಸ್ಥಾಪನೆಯಾಯಿತು. 1962ರ ಅಣುಶಕ್ತಿ ಕಾಯ್ದೆಯಡಿ ರೂಪಿಸಿದ 1987ರ ವಿಕಿರಣಶೀಲ ತ್ಯಾಜ್ಯಗಳ ಸುರಕ್ಷಿತ ವಿಲೇವಾರಿ ನಿಯಮಗಳು ಮತ್ತು 2004ರ ವಿಕಿರಣ ಸಂರಕ್ಷಣಾ ನಿಯಮಗಳು ಈ ಕ್ಷೇತ್ರದ ಮುಖ್ಯ ನಿಯಮಗಳು. ಮಂಡಳಿಯು ಹಾಕಿರುವ ಮಿತಿಯಂತೆ, ಸ್ಥಾವರದ ಕಾರಣದಿಂದ ಸಾರ್ವಜನಿಕರಲ್ಲಿ ಯಾರೊಬ್ಬರಿಗೂ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಲುಪಕೂಡದು. ಸ್ಥಾವರದ ನೌಕರರಿಗೆ ಬೇರೆ ಮಿತಿಯಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್.

ಈ 1 ಮಿಲಿಸೀವರ್ಟ್ ಒಂದೊಂದು ಘಟಕಕ್ಕೆ ಒಂದೊಂದರಂತೆ ಅಲ್ಲ. ಇಡೀ ನಿವೇಶನಕ್ಕೆ, ಅಲ್ಲಿರುವ ಎಲ್ಲ ಘಟಕಗಳಿಗೆ, ಗಾಳಿ ನೀರು ಎರಡೂ ದಾರಿಗಳಿಗೆ ಸೇರಿ ಒಟ್ಟು ಒಂದೇ. ಮನೆಗೆ ಬರುವ ಸಂಬಳ ಒಂದೇ ಆಗಿದ್ದು ಮಕ್ಕಳು ನಾಲ್ಕರಿಂದ ಆರಾದರೆ ಏನಾಗುತ್ತದೆಯೋ ಹಾಗೆಯೇ ಇದು: ಐದನೆಯ ಮತ್ತು ಆರನೆಯ ಘಟಕಗಳು ಬಂದರೂ ಮಿತಿ ಹಿಗ್ಗುವುದಿಲ್ಲ, ಪಾಲುಗಳನ್ನು ಮರುಹೊಂದಿಸಬೇಕಾಗುತ್ತದೆ. ಮಂಡಳಿಯು ಮೊತ್ತವನ್ನು ಪಾಲು ಮಾಡುವಾಗ ಭವಿಷ್ಯಕ್ಕೆಂದು ಒಂದು ಅಂಶವನ್ನು ಕಾಯ್ದಿರಿಸುತ್ತದೆ. ಪ್ರತಿ ಪಾಲಿನಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ಇಂಥ ವಸ್ತುವನ್ನು ದಿನಕ್ಕೆ ಅಥವಾ ವರ್ಷಕ್ಕೆ ಇಷ್ಟು ಬೆಕೆರೆಲ್‌ಗಿಂತ ಹೆಚ್ಚು ಬಿಡಕೂಡದು ಎಂದು ಸ್ಥಾವರದ ಕಾರ್ಯಾಚರಣೆಯ ತಾಂತ್ರಿಕ ಷರತ್ತುಗಳಲ್ಲಿ ಬರೆಯಲಾಗುತ್ತದೆ. ಚಿಮಣಿಯಲ್ಲಿರುವ ಮಾಪಕಗಳು ಹೊರಹೋಗುವುದನ್ನು ನಿರಂತರವಾಗಿ ಅಳೆಯುತ್ತವೆ. ಷರತ್ತು ಮೀರಿದರೆ ಸ್ಥಾವರವು ಮಂಡಳಿಗೆ ವರದಿ ಮಾಡಲೇಬೇಕು; ಘಟಕವನ್ನು ನಿಲ್ಲಿಸುವಂತೆ ಆದೇಶಿಸುವ ಅಧಿಕಾರ ಮಂಡಳಿಗಿದೆ.

ಮಿತಿಯೊಳಗಿದ್ದರೆ ಸಾಕು ಎಂದು ಕೈಕಟ್ಟಿ ಕೂರುವುದಕ್ಕೂ ಅವಕಾಶವಿಲ್ಲ. ಯಾವ ಮಟ್ಟದ ಕೆಳಗೆ ಅಪಾಯ ಪೂರ್ತಿ ಸೊನ್ನೆಯಾಗುತ್ತದೆ ಎಂಬ ಗೆರೆ ಎಳೆಯಲು ವಿಜ್ಞಾನಕ್ಕೆ ಆಗಿಲ್ಲವಾದ್ದರಿಂದ, ಪ್ರಮಾಣ ಇಳಿದಂತೆ ಅಪಾಯವೂ ಅದೇ ಅನುಪಾತದಲ್ಲಿ ಇಳಿಯುತ್ತದೆಂದು ನಿಯಂತ್ರಕರು ಇಟ್ಟುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ ಗುಣಕದಂತೆ, ಒಂದು ಲಕ್ಷ ಜನರಿಗೆ ತಲಾ 1 ಮಿಲಿಸೀವರ್ಟ್ ತಲುಪಿದರೆ ಅವರ ಜೀವಿತಾವಧಿಯಲ್ಲಿ ಸುಮಾರು ಐದು ಹೆಚ್ಚುವರಿ ಗಂಭೀರ ಕ್ಯಾನ್ಸರ್ ಪ್ರಕರಣಗಳನ್ನು ನಿರೀಕ್ಷಿಸಬೇಕು. ಇದು ಚಿಕ್ಕ ಅಂಕಿ, ಆದರೆ ಸೊನ್ನೆಯಲ್ಲ. ಆದ್ದರಿಂದ ವಿಸರ್ಜನೆಯನ್ನು ಸಾಧ್ಯವಿರುವಷ್ಟು ಕಡಿಮೆ ಇಡಬೇಕೆಂಬುದು ಎರಡನೆಯ ನಿಯಮ. ಮಂಡಳಿಯ ವಾರ್ಷಿಕ ವರದಿಗಳು ಪ್ರತಿ ನಿವೇಶನಕ್ಕೂ ಅಂದಾಜು ಮಾಡಿದ ಸಾರ್ವಜನಿಕ ವಿಕಿರಣ ಪ್ರಮಾಣವನ್ನು ಪ್ರಕಟಿಸುತ್ತವೆ. ಕೈಗಾದ ಅಂಕಿಗಳು 1 ಮಿಲಿಸೀವರ್ಟ್‌ನ ಅತಿ ಸಣ್ಣ ಅಂಶವಾಗಿವೆ. ಅದು ನೆಮ್ಮದಿಯ ವಿಷಯವೇ. ಆದರೆ ಸದಸ್ಯರು ಇಲ್ಲಿ "ಅಂದಾಜು" ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು.

ಆ "ಯಾರೊಬ್ಬರು" ಯಾರು?

ಪ್ರತಿಯೊಬ್ಬ ಗ್ರಾಮಸ್ಥನ ಕೊರಳಿಗೂ ವಿಕಿರಣ ಮಾಪಕ ಕಟ್ಟಲಾಗದು. ಆದ್ದರಿಂದ ನಿಯಂತ್ರಕರು ಅತಿ ಹೆಚ್ಚು ವಿಕಿರಣಕ್ಕೆ ಒಳಗಾಗಬಹುದಾದ ಒಬ್ಬ ಕಾಲ್ಪನಿಕ ವ್ಯಕ್ತಿಯನ್ನು ಲೆಕ್ಕದಲ್ಲಿ ನಿಲ್ಲಿಸುತ್ತಾರೆ. ಆತ ಬೇಲಿಯ ಅಂಚಿನಲ್ಲಿ ವಾಸಿಸುತ್ತಾನೆ, ಅಲ್ಲಿಯ ನೀರು ಕುಡಿಯುತ್ತಾನೆ, ಅಲ್ಲಿಯ ಅಕ್ಕಿ, ಹಾಲು, ಮೀನು ತಿನ್ನುತ್ತಾನೆ. ಆತನ ಮಿತಿ ಕಾಯ್ದರೆ ಉಳಿದವರೆಲ್ಲರ ಮಿತಿ ಕಾಯ್ದಂತೆಯೇ ಎಂಬುದು ತರ್ಕ. ಈ ತರ್ಕ ಸರಿಯಾದುದು. ಆದರೆ ಆತ ಏನು ತಿನ್ನುತ್ತಾನೆ, ಎಷ್ಟು ತಿನ್ನುತ್ತಾನೆ ಎಂಬುದು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಎಂಜಿನಿಯರಿಂಗ್ ಓದಿದವನಾಗಿ ನನ್ನ ಅಭಿಪ್ರಾಯವೆಂದರೆ, ಈ ವ್ಯವಸ್ಥೆಯಲ್ಲಿ ಯಂತ್ರಗಳ ಅಳತೆಗಿಂತ ಊಟದ ತಟ್ಟೆಯ ಅಳತೆಯೇ ಹೆಚ್ಚು ಸಡಿಲವಾದ ಕೊಂಡಿ. ಈ ಕೊಂಡಿಯನ್ನು ಬಿಗಿ ಮಾಡಬಲ್ಲವರು ಮುಂಬಯಿಯಲ್ಲಿಲ್ಲ, ಪಂಚಾಯಿತಿಯಲ್ಲಿದ್ದಾರೆ.

ಇದಕ್ಕೆ ಬ್ರಿಟನ್ನಿನ ಒಂದು ಹಳೆಯ ಉದಾಹರಣೆಯಿದೆ. ವಾಯವ್ಯ ಇಂಗ್ಲೆಂಡಿನ ಕಡಲತೀರದಲ್ಲಿ ವಿಂಡ್‌ಸ್ಕೇಲ್ ಎಂಬ ಅಣು ಕೇಂದ್ರವಿತ್ತು. ಈಗ ಅದನ್ನು ಸೆಲ್ಲಾಫೀಲ್ಡ್ ಎನ್ನುತ್ತಾರೆ. ಅಲ್ಲಿಂದ ಐರಿಷ್ ಸಮುದ್ರಕ್ಕೆ ಕೊಳವೆಯ ಮೂಲಕ ದ್ರವ ತ್ಯಾಜ್ಯ ಹೋಗುತ್ತಿತ್ತು. ಅತಿ ಹೆಚ್ಚು ವಿಕಿರಣ ಯಾರಿಗೆ ತಲುಪಬಹುದೆಂದು ಅಲ್ಲಿಯ ಅಧಿಕಾರಿಗಳು ಹುಡುಕಿದಾಗ ಸಿಕ್ಕವರು ಆ ತೀರದ ಬೆಸ್ತರಲ್ಲ. ಆ ತೀರದಲ್ಲಿ ಬೆಳೆಯುವ ಒಂದು ಬಗೆಯ ಕಡಲಪಾಚಿಯನ್ನು ಕಿತ್ತು, ದೂರದ ದಕ್ಷಿಣ ವೇಲ್ಸ್‌ಗೆ ಕಳುಹಿಸಿ, ಅಲ್ಲಿ ಬೇಯಿಸಿ ಖಾದ್ಯ ಮಾಡುತ್ತಿದ್ದರು. ಪಾಚಿಯು ಸಮುದ್ರದಲ್ಲಿನ ವಿಕಿರಣಶೀಲ ವಸ್ತುವನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತಿತ್ತು. ನೂರಾರು ಕಿಲೋಮೀಟರ್ ದೂರದ ಆ ತಿಂಡಿಪ್ರಿಯರನ್ನು ಮುಂದಿಟ್ಟುಕೊಂಡೇ ಕೊಳವೆಯ ವಿಸರ್ಜನೆಯ ಮಿತಿಯನ್ನು ಲೆಕ್ಕ ಹಾಕಲಾಯಿತು. 1970ರ ದಶಕದಲ್ಲಿ ಆ ತೀರದ ಪಾಚಿಯ ವ್ಯಾಪಾರ ನಿಂತಿತು. ಆಗ ಸ್ಥಳೀಯವಾಗಿ ಮೀನು ತಿನ್ನುವವರು ಆ ಸ್ಥಾನಕ್ಕೆ ಬಂದರು. ಊಟ ಬದಲಾದಾಗ ಲೆಕ್ಕವನ್ನೂ ಬದಲಾಯಿಸಬೇಕಾಯಿತು.

ಈಗ ಕಾಳಿ ಕಣಿವೆಗೆ ಬರೋಣ. ಕದ್ರಾ ಜಲಾಶಯದ ಮೀನನ್ನು ಎಷ್ಟು ಮನೆಗಳವರು ವಾರಕ್ಕೆ ಎಷ್ಟು ಸಲ ತಿನ್ನುತ್ತಾರೆ? ಕಾಳಿಯ ಅಳಿವೆಯಲ್ಲಿ ಬಳಚು, ಕಲವಾ ಹೆಕ್ಕುವ ಹೆಂಗಸರು ಎಷ್ಟು ಮಂದಿ? ಈ ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವಂಥವು; ನೀರಿನಲ್ಲಿರುವುದನ್ನು ಕೂಡಿಡುವ ಗುಣ ಅವುಗಳಿಗಿದೆ. ಮಳೆಗಾಲದಲ್ಲಿ ಕಾಡಿನ ಅಣಬೆ, ಕಳಲೆ, ಗೆಡ್ಡೆಗಳನ್ನು ತರುವ ಕುಟುಂಬಗಳಿವೆ. ಚೆರ್ನೋಬಿಲ್ ಅಪಘಾತದ ನಂತರ ಯೂರೋಪಿನ ಕಾಡುಗಳಲ್ಲಿ ಅಣಬೆಗಳು ಸೀಸಿಯಂ ಅನ್ನು ದೀರ್ಘಕಾಲ ಉಳಿಸಿಕೊಂಡದ್ದು ಕಂಡುಬಂದಿದೆ. ಕೈಗಾದಲ್ಲಿ ಅಂಥದ್ದೇನೂ ನಡೆದಿಲ್ಲ. ಆದರೆ ಯಾವ ಆಹಾರದ ಮಾದರಿಯನ್ನು ತೆಗೆದು ನೋಡಬೇಕು ಎಂಬ ಪಟ್ಟಿ ನಗರದವರ ಅಡುಗೆಮನೆಯಿಂದ ಬರಬಾರದೆಂಬುದಕ್ಕೆ ಇದು ಆಧಾರ.

ನಮ್ಮ ಕೈಯಲ್ಲಿ ಇದಕ್ಕೆ ಬೇಕಾದ ದಾಖಲೆಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ, ಜನರು ಯಾವ ಯಾವ ಸಸ್ಯ, ಮೀನು, ಕಾಡುತ್ಪನ್ನಗಳನ್ನು ಬಳಸುತ್ತಾರೆಂಬ ವಿವರ ಇರಬೇಕು. ಹಲವೆಡೆ ಈ ದಾಖಲಾತಿಯನ್ನು ಬಿಲ್ಲಿಗಾಗಿ ಬರೆದು ಕಪಾಟಿನಲ್ಲಿಟ್ಟಿರುವುದು ಗುಟ್ಟೇನಲ್ಲ. ಅದನ್ನು ಹೊರತೆಗೆದು, ಊಟದ ವಿವರಗಳನ್ನು ಸರಿಪಡಿಸಿ, ಕುಡಿಯುವ ನೀರಿನ ಬಾವಿಗಳ ಪಟ್ಟಿ ಮತ್ತು ಜಾನುವಾರು ಗಣತಿಯ ವಿವರದೊಂದಿಗೆ ಪರಿಸರ ಸಮೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಆ ಕಾಲ್ಪನಿಕ ವ್ಯಕ್ತಿ ನಮ್ಮ ಊರಿನ ನಿಜವಾದ ವ್ಯಕ್ತಿಗೆ ಹತ್ತಿರವಾಗುತ್ತಾನೆ.

ಪ್ರಯೋಗಾಲಯ ಏನನ್ನು ನೋಡುತ್ತದೆ?

ಪ್ರತಿ ಅಣು ವಿದ್ಯುತ್ ನಿವೇಶನದಲ್ಲಿಯೂ ಸ್ಥಾವರ ಆರಂಭವಾಗುವ ಮೊದಲೇ ಒಂದು ಪರಿಸರ ಸಮೀಕ್ಷಾ ಪ್ರಯೋಗಾಲಯ ತೆರೆಯುತ್ತದೆ. ಇದನ್ನು ನಡೆಸುವುದು ವಿದ್ಯುತ್ ಉತ್ಪಾದಿಸುವ ನಿಗಮವಲ್ಲ, ಭಾಭಾ ಅಣು ಸಂಶೋಧನಾ ಕೇಂದ್ರ. ಮೊದಲೇ ತೆರೆಯುವುದೇಕೆಂದರೆ, ಮೊದಲು ಎಷ್ಟಿತ್ತು ಎಂಬುದು ತಿಳಿಯದೆ ನಂತರ ಎಷ್ಟು ಹೆಚ್ಚಿತು ಎಂದು ಹೇಳಲಾಗದು. ಸುಮಾರು 30 ಕಿಲೋಮೀಟರ್ ಸುತ್ತಳತೆಯ ಪ್ರದೇಶದಿಂದ ನೀರು, ಹೂಳು, ಗಾಳಿ, ಅಕ್ಕಿ, ತರಕಾರಿ, ಹಾಲು, ಮೀನುಗಳ ಮಾದರಿಗಳನ್ನು ತೆಗೆಯಲಾಗುತ್ತದೆ. ಮೇಕೆಯ ಥೈರಾಯ್ಡ್ ಗ್ರಂಥಿಯನ್ನೂ ಪರೀಕ್ಷಿಸುತ್ತಾರೆ. ಕೇಳಲು ವಿಚಿತ್ರವೆನಿಸಿದರೂ ಇದರ ಹಿಂದೆ ಒಳ್ಳೆಯ ತರ್ಕವಿದೆ: ಮೇಕೆಯು ದಿನವಿಡೀ ದೊಡ್ಡ ಪ್ರದೇಶದ ಸೊಪ್ಪು ಮೇಯುತ್ತದೆ, ಅದರ ಗ್ರಂಥಿಯು ಅಯೋಡಿನ್ ಅನ್ನು ಕೂಡಿಡುತ್ತದೆ. ಯಂತ್ರಕ್ಕೆ ಕಾಣದಷ್ಟು ಅಲ್ಪ ಅಯೋಡಿನ್ ಕೂಡ ಅಲ್ಲಿ ಕಾಣಬಹುದು.

ಹಾಲಿಗೆ ಏಕೆ ಇಷ್ಟು ಮಹತ್ವವೆಂಬುದನ್ನು ಜಗತ್ತು 1957ರಲ್ಲಿ ಕಲಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮೇಲೆ ಹೇಳಿದ ವಿಂಡ್‌ಸ್ಕೇಲಿನ ರಿಯಾಕ್ಟರಿನಲ್ಲಿ ಬೆಂಕಿ ಬಿದ್ದು ಅಯೋಡಿನ್-131 ಗಾಳಿಗೆ ಸೇರಿತು. ಹುಲ್ಲಿನ ಮೇಲೆ ಇಳಿದದ್ದು ಹಸುವಿನ ಮೂಲಕ ಹಾಲಿಗೆ ಬಂದಿತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲಿನ ಮಾರಾಟವನ್ನು ನಿಲ್ಲಿಸಿ ವಾರಗಟ್ಟಲೆ ಹಾಲನ್ನು ಚೆಲ್ಲಬೇಕಾಯಿತು. 1986ರ ಚೆರ್ನೋಬಿಲ್‌ನಲ್ಲಿ ಆ ಎಚ್ಚರಿಕೆ ಸಮಯಕ್ಕೆ ಸರಿಯಾಗಿ ಬರಲಿಲ್ಲ. ಕಲುಷಿತ ಹಾಲು ಕುಡಿದ ಮಕ್ಕಳಲ್ಲಿ ಸಾವಿರಾರು ಮಂದಿಗೆ ಮುಂದಿನ ವರ್ಷಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತು. ಹಾಲು ಉತ್ಪಾದಕರ ಸಂಘದಿಂದ ಮಾದರಿ ಕೇಳಲು ಬಂದವರನ್ನು ಸಂಶಯದಿಂದ ವಾಪಸು ಕಳುಹಿಸುವುದು ನಮ್ಮದೇ ಕಾವಲನ್ನು ನಾವೇ ತೆಗೆದುಹಾಕಿದಂತೆ.

ಟ್ರಿಟಿಯಂ ಪರೀಕ್ಷೆಯ ಕುರಿತು ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಜಲಜೀವನ ಮಿಷನ್ ಅಡಿ ಗ್ರಾಮದಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಸೂಕ್ಷ್ಮಜೀವಿ ಮುಂತಾದವುಗಳನ್ನು ತೋರಿಸುತ್ತದೆ, ವಿಕಿರಣಶೀಲತೆಯನ್ನು ತೋರಿಸುವುದಿಲ್ಲ. ಆ ಕಿಟ್‌ನಲ್ಲಿ "ಕುಡಿಯಲು ಯೋಗ್ಯ" ಎಂದು ಬಂದರೆ ಟ್ರಿಟಿಯಂ ಇಲ್ಲವೆಂದು ಅರ್ಥವಲ್ಲ. ಆನ್‌ಲೈನ್‌ನಲ್ಲಿ ಮಾರುವ ಕೈಯಲ್ಲಿ ಹಿಡಿಯುವ ವಿಕಿರಣ ಮಾಪಕವೂ ಇದಕ್ಕೆ ನಿರುಪಯೋಗಿ. ಟ್ರಿಟಿಯಂನಿಂದ ಹೊರಡುವ ಕಿರಣ ಎಷ್ಟು ದುರ್ಬಲವೆಂದರೆ ಅದು ಆ ಉಪಕರಣದ ಗೋಡೆಯನ್ನೇ ದಾಟದು, ಮನುಷ್ಯನ ಚರ್ಮದ ಹೊರಪದರವನ್ನೂ ದಾಟದು. ಕುಡಿದಾಗ, ಉಸಿರಾಡಿದಾಗ, ಚರ್ಮದ ಮೂಲಕ ನೀರಾಗಿ ಒಳಸೇರಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅದನ್ನು ಅಳೆಯಲು ಪ್ರಯೋಗಾಲಯದ ದ್ರವ ಸಿಂಟಿಲೇಶನ್ ಎಣಿಕೆ ಯಂತ್ರವೇ ಬೇಕು. ಪಂಚಾಯಿತಿಯ ಹಣದಲ್ಲಿ ಅಂಥ ಕೈಮಾಪಕ ಕೊಳ್ಳುವ ಪ್ರಸ್ತಾವ ಬಂದರೆ ಸದಸ್ಯರು ಇದನ್ನು ನೆನಪಿಡುವುದು ಒಳಿತು.

ಕುಡಿಯುವ ನೀರಿನಲ್ಲಿ ಟ್ರಿಟಿಯಂ ಎಷ್ಟಿರಬಹುದು ಎಂಬುದಕ್ಕೆ ಎಲ್ಲೆಡೆ ಒಂದೇ ಅಂಕಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ ಲೀಟರಿಗೆ 10,000 ಬೆಕೆರೆಲ್, ಕೆನಡಾದಲ್ಲಿ 7,000, ಅಮೆರಿಕದಲ್ಲಿ 740, ಯೂರೋಪಿನ ಒಕ್ಕೂಟದಲ್ಲಿ 100. ಇದನ್ನು ನೋಡಿ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಿಲ್ಲ. ಯೂರೋಪಿನ 100 ಎಂಬುದು ಅಪಾಯದ ಗೆರೆಯಲ್ಲ; ಅದನ್ನು ದಾಟಿದರೆ ಎಲ್ಲಿಂದ ಬಂತೆಂದು ಹುಡುಕಿ ಎಂಬ ಎಚ್ಚರಿಕೆಯ ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯದು ವರ್ಷಪೂರ್ತಿ ಕುಡಿದರೆ ಸುಮಾರು 0.1 ಮಿಲಿಸೀವರ್ಟ್ ಬರುವ ಮಟ್ಟ. ಲೆಕ್ಕವನ್ನು ಸದಸ್ಯರೇ ಮಾಡಿ ನೋಡಬಹುದು. ದಿನಕ್ಕೆ 2 ಲೀಟರಿನಂತೆ ವರ್ಷಕ್ಕೆ 730 ಲೀಟರ್. ನೀರಿನಲ್ಲಿ ಲೀಟರಿಗೆ 100 ಬೆಕೆರೆಲ್ ಇದ್ದರೆ ವರ್ಷಕ್ಕೆ 73,000 ಬೆಕೆರೆಲ್ ಒಳಹೋಗುತ್ತದೆ. 1 ಮಿಲಿಸೀವರ್ಟ್‌ಗೆ 5.5 ಕೋಟಿ ಬೇಕಾದ್ದರಿಂದ, ಇದು ಮಿತಿಯ ಸುಮಾರು 760ನೆಯ ಒಂದು ಭಾಗ. ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವರು 2 ಲೀಟರಿನಲ್ಲಿ ನಿಲ್ಲುವುದಿಲ್ಲ. ಅವರಿಗಾಗಿ 5 ಲೀಟರ್ ಎಂದು ಹಾಕಿ ಮತ್ತೆ ಲೆಕ್ಕ ಮಾಡಿರಿ. ಇಂಥ ತಿದ್ದುಪಡಿಯನ್ನೇ ನಾನು ಮೇಲೆ ಊಟದ ತಟ್ಟೆಯ ಅಳತೆ ಎಂದು ಕರೆದದ್ದು.

ಒಂದು ಒಳಗಿನ ಘಟನೆ

2009ರ ನವೆಂಬರಿನಲ್ಲಿ ಕೈಗಾ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಟ್ರಿಟಿಯಂ ಹೆಚ್ಚಿರುವುದು ಕಂಡುಬಂತು. ಇದು ಹೊರಗಿನ ವಿಸರ್ಜನೆಯಲ್ಲ, ಉದ್ದೇಶಪೂರ್ವಕ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಟ್ರಿಟಿಯಂ ದೇಹದಿಂದ ಮೂತ್ರ, ಬೆವರಿನ ಮೂಲಕ ಸುಮಾರು ಹತ್ತು ದಿನಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಹೆಚ್ಚು ದ್ರವ ಕೊಟ್ಟು ಅದನ್ನು ಬೇಗ ಹೊರಹಾಕಿಸಲಾಗುತ್ತದೆ. ನಮಗೆ ಇಲ್ಲಿ ಗಮನಾರ್ಹವಾದದ್ದು ಬೇರೆ. ಈ ಕೃತ್ಯ ಬಯಲಿಗೆ ಬಂದದ್ದು ಕೆಲಸಗಾರರ ಮೂತ್ರದ ಮಾದರಿಯನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ಅನುಮಾನ ಬಂದಮೇಲೆ ಮಾಡುವ ಪರೀಕ್ಷೆ ಬಹುಪಾಲು ತಡವಾಗಿರುತ್ತದೆ. ಅನುಮಾನವಿಲ್ಲದ ದಿನಗಳಲ್ಲಿ ಬೇಸರವಿಲ್ಲದೆ ಮಾಡುವ ಪರೀಕ್ಷೆಯೇ ಹಿಡಿಯುತ್ತದೆ. ಸ್ಥಾವರದ ಬೇಲಿಯ ಹೊರಗೂ ಇದೇ ನ್ಯಾಯ.

ಪಂಚಾಯಿತಿಯ ಪಾಲು

ಸ್ಥಾವರದ ಸುತ್ತ ಜನವಸತಿ ಇಲ್ಲದ ವರ್ಜಿತ ವಲಯವೊಂದಿದೆ. ಅದು ಸ್ಥಾವರದ ಸುಪರ್ದಿನಲ್ಲಿರುತ್ತದೆ. ಅದರಾಚೆ 5 ಕಿಲೋಮೀಟರಿನವರೆಗಿನ ಪ್ರದೇಶಕ್ಕೆ ಈಗ ನೈಸರ್ಗಿಕ ಬೆಳವಣಿಗೆಯ ವಲಯವೆಂದು ಹೆಸರು. ಅಲ್ಲಿರುವ ಊರುಗಳು ತಮ್ಮಷ್ಟಕ್ಕೆ ಬೆಳೆಯಲು ಅಡ್ಡಿಯಿಲ್ಲ. ಆದರೆ ಜನಸಂಖ್ಯೆಯನ್ನು ಒಮ್ಮೆಲೇ ಗಣನೀಯವಾಗಿ ಹೆಚ್ಚಿಸುವ ಯೋಜಿತ ವಿಸ್ತರಣೆಯನ್ನು ಆಡಳಿತಾತ್ಮಕ ಕ್ರಮಗಳಿಂದ ತಡೆಯಬೇಕು. 16 ಕಿಲೋಮೀಟರ್ ತುರ್ತು ಯೋಜನಾ ವಲಯ. ಬಡಾವಣೆಯ ನಕ್ಷೆ, ದೊಡ್ಡ ರೆಸಾರ್ಟಿನ ಪರವಾನಗಿ ಪಂಚಾಯಿತಿಯ ಮುಂದೆ ಬಂದಾಗ ಅದು ಯಾವ ವಲಯದಲ್ಲಿದೆ ಎಂದು ಕೇಳುವುದು ಸದಸ್ಯರ ಕರ್ತವ್ಯ. ಬಂಡವಾಳ ಹೂಡುವವರಿಗೆ ಈ ಪ್ರಶ್ನೆ ಹಿಡಿಸದಿರಬಹುದು. ಆದರೆ ಅಲ್ಲಿ ತಂಗುವವರನ್ನು ತುರ್ತು ಸಂದರ್ಭದಲ್ಲಿ ಒಂದೇ ರಸ್ತೆಯಲ್ಲಿ ಹೊರಗೆ ಸಾಗಿಸಬೇಕಾದವರು ನಾವು.

ಮಾಪನದ ಫಲಿತಾಂಶ ಕೇಳಿ ಪತ್ರ ಬರೆಯುವಾಗ "ನಮ್ಮ ನೀರು ಸುರಕ್ಷಿತವೇ?" ಎಂದು ಕೇಳಿದರೆ "ಹೌದು" ಎಂಬ ಒಂದೇ ಪದದ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾವ ಸ್ಥಳದ ನೀರು, ಯಾವ ತಿಂಗಳಲ್ಲಿ ತೆಗೆದ ಮಾದರಿ, ಟ್ರಿಟಿಯಂ ಲೀಟರಿಗೆ ಎಷ್ಟು ಬೆಕೆರೆಲ್, ಸ್ಥಾವರ ಆರಂಭವಾಗುವ ಮೊದಲು ಅದೇ ಸ್ಥಳದಲ್ಲಿ ಎಷ್ಟಿತ್ತು ಎಂದು ಕೇಳಬೇಕು. ತಿಂಗಳು ಮುಖ್ಯ. ಜುಲೈಯಲ್ಲಿ ಕಾಳಿ ತುಂಬಿ ಹರಿಯುವಾಗ ಬಿಟ್ಟದ್ದೆಲ್ಲ ಕರಗಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹರಿವು ಕಡಿಮೆಯಿರುವಾಗ ಅದೇ ಪ್ರಮಾಣ ಹೆಚ್ಚು ಸಾಂದ್ರವಾಗಿ ಕಾಣುತ್ತದೆ. ವರ್ಷದ ಸರಾಸರಿಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಗಾಳಿಯ ವಿಷಯದಲ್ಲಿಯೂ ಇಂಥದ್ದೇ ಪ್ರಶ್ನೆಯಿದೆ: ಘಟ್ಟದ ಕಣಿವೆಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಗಾಳಿ ನಿಶ್ಚಲವಾಗಿ, ಮಂಜು ತಳದಲ್ಲೇ ನಿಲ್ಲುತ್ತದೆ. ಆ ಹೊತ್ತಿನ ಮಾದರಿ ತೆಗೆದಿದ್ದಾರೆಯೇ ಎಂದು ಕೇಳಬಹುದು.

ಹೊಸ ಘಟಕಗಳಂತಹ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಕೈಗಾ ಯೋಜನೆಯ ಕುರಿತ ಚರ್ಚೆ ನಮ್ಮಲ್ಲಿ ಹೊಸದಲ್ಲ. ಅದನ್ನು ವಿರೋಧಿಸಿದ ಡಾ. ಶಿವರಾಮ ಕಾರಂತರು 1989ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಪರ ಅಥವಾ ವಿರೋಧ ಸದಸ್ಯರ ಸ್ವಂತ ನಿಲುವು. ಯಾವ ನಿಲುವಿನವರಾದರೂ ಅಹವಾಲು ಸಭೆಗೆ ಮುನ್ನ ಪರಿಸರ ಪರಿಣಾಮ ವರದಿಯಲ್ಲಿ ಮೂರು ಪುಟಗಳನ್ನು ತೆರೆದು ನೋಡಬೇಕು: 1 ಮಿಲಿಸೀವರ್ಟ್ ಅನ್ನು ಆರು ಘಟಕಗಳಿಗೆ ಹೇಗೆ ಪಾಲು ಮಾಡಲಾಗಿದೆ ಎಂಬ ಕೋಷ್ಟಕ, ಆಹಾರ ಸೇವನೆಯ ಕೋಷ್ಟಕ, ಮತ್ತು ಬೇಸಿಗೆಯಲ್ಲಿ ನದಿಯ ಕನಿಷ್ಠ ಹರಿವಿನ ಅಂಕಿ. ಆಹಾರದ ಕೋಷ್ಟಕದಲ್ಲಿ ಬಳಚು, ಅಣಬೆ, ಜಲಾಶಯದ ಮೀನು ಇಲ್ಲದಿದ್ದರೆ ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ, ಆ ನಡಾವಳಿಯ ದೃಢೀಕೃತ ಪ್ರತಿಯನ್ನು ಅಹವಾಲು ಸಭೆಗೆ ಸಲ್ಲಿಸಿ, ಸ್ವೀಕೃತಿ ಪಡೆದು, ಪಂಚಾಯಿತಿಯ ಕಡತದಲ್ಲಿಡಬೇಕು.